ಮೊದಲು ಗಂಟು ತೋರ್ಸು, ಧೈರ್ಯ ಆಮೇಲೆ

"ಏನಾಗಲ್ಲ ಬಾ ಮಗಾ."

ನಮ್ಮ ಹಾಸ್ಟೆಲ್‌ನಲ್ಲಿ ಅತಿ ಹೆಚ್ಚು ಸಲ ಕೇಳಿಬರೋ ಮಾತು ಯಾವುದು ಅಂತ ಯಾರಾದ್ರೂ ಲೆಕ್ಕ ಹಾಕಿದ್ರೆ ಇದೇ ಮೊದಲು ಬರುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಸಿನಿಮಾಕ್ಕೆ ಹೊರಟಾಗ, ಒಂದೇ ಬೈಕಲ್ಲಿ ಮೂರು ಜನ ಕೂತಾಗ, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ಬಂದಾಗ, ಎಲ್ಲದಕ್ಕೂ ಇದೇ ಮಂತ್ರ. ಬಹಳಷ್ಟು ಸಲ ನಿಜವಾಗ್ಲೂ ಏನೂ ಆಗಲ್ಲ. ತೊಂದರೆ ಇರೋದೇ ಅಲ್ಲಿ. ಏನೂ ಆಗದೇ ಇದ್ದ ನೂರು ಸಲ ಸೇರಿ, ನೂರಾ ಒಂದನೇ ಸಲಕ್ಕೂ ಏನಾಗಲ್ಲ ಅನ್ನೋ ನಂಬಿಕೆ ಹುಟ್ಟಿಸಿಬಿಡುತ್ತವೆ.

ಹೋದ ತಿಂಗಳು ನನ್ನ ವಿಂಗಿನ ಮೂರು ಜನ ಸೇರಿ ಒಂದು ಪ್ಲಾನ್ ಮಾಡಿದ್ರು. ಭಾನುವಾರ ಬೆಳಿಗ್ಗೆ ರಾಮನಗರದ ಕಡೆ ಹೋಗೋದು, ಒಂದು ಬಂಡೆ ಹಿಡಿಯೋದು, ಹತ್ತೋದು. ಹಾರ್ಡ್‌ವೇರ್ ಅಂಗಡಿಯಿಂದ ಹಗ್ಗ ಆಗಲೇ ಬಂದಿತ್ತು, ನೀಲಿ ಬಣ್ಣದ್ದು, ಲಾರಿಗೆ ಕಟ್ತಾರಲ್ಲ ಅಂಥದ್ದು. ನಾಲ್ಕೈದು ವಿಡಿಯೋನೂ ನೋಡಿ ಮುಗಿಸಿದ್ರು. ನಾನು ಎರಡನೇ ವರ್ಷದಿಂದ ಹತ್ತೋದು ಕಲೀತಾ ಇದೀನಿ ಅಂತ ಗೊತ್ತಿದ್ದರಿಂದ ನನ್ನನ್ನೂ ಕರೆದ್ರು. ನಾನು ಬರಲ್ಲ, ನೀವೂ ಹೋಗ್ಬೇಡಿ ಅಂದೆ. ಅರ್ಧ ಗಂಟೆ ಜಗಳ ಆಯ್ತು. ಕೊನೆಗೆ ನನಗೆ 'ಪುಕ್ಕಲ' ಅನ್ನೋ ಬಿರುದು ಸಿಕ್ತು. ಆ ದಿನ ಸಿಟ್ಟಿನಲ್ಲಿ ಸರಿಯಾಗಿ ಹೇಳೋಕಾಗದೇ ಇದ್ದದ್ದನ್ನ ಇಲ್ಲಿ ಸಮಾಧಾನವಾಗಿ ಬರೀತಿದೀನಿ.

ಮೊದಲೇ ಒಂದು ಮಾತು. ಬಂಡೆ ಹತ್ಬೇಡಿ ಅಂತ ಹೇಳೋಕೆ ಈ ಲೇಖನ ಅಲ್ಲ. ಖಂಡಿತ ಹತ್ತಿ. ದೇಶದಲ್ಲಿ ಬಂಡೆ ಹತ್ತೋದು ಕಲಿಯೋಕೆ ನಮ್ಮಷ್ಟು ಅದೃಷ್ಟವಂತರು ಕಮ್ಮಿ. ರಾಮನಗರದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಊರಿಗೆ ಕ್ಲೋಸ್‌ಪೇಟೆ ಅಂತ ಹೆಸರಿದ್ದ ಕಾಲದಿಂದ ಭೂವಿಜ್ಞಾನಿಗಳು ಆ ಕಲ್ಲನ್ನ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೀತಾರೆ. 'ಶೋಲೆ'ಯಲ್ಲಿ ಗಬ್ಬರ್ ಕೂತಿದ್ದು ಅದೇ ಕಲ್ಲುಗಳ ಮಧ್ಯೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳನ್ನ, ಹಂಪಿಯ ಗುಂಡುಗಳನ್ನ ಹುಡುಕಿಕೊಂಡು ಯುರೋಪು ಅಮೆರಿಕದಿಂದ ಜನ ಬರ್ತಾರೆ. ಸಾವನದುರ್ಗ ಇದೆ, ಬೆಂಗಳೂರಿನ ಅಂಚಲ್ಲೇ ತುರಹಳ್ಳಿ ಇದೆ. ಇಷ್ಟೆಲ್ಲ ಇಟ್ಕೊಂಡು ರೂಮಲ್ಲಿ ಕೂತು ರೀಲ್ಸ್ ನೋಡೋದು ನಿಜಕ್ಕೂ ಅನ್ಯಾಯ. ನನ್ನ ತಕರಾರು ಹತ್ತೋದರ ಬಗ್ಗೆ ಅಲ್ಲ, ಆ ನೀಲಿ ಹಗ್ಗದ ಬಗ್ಗೆ, ಮತ್ತೆ ಅದರ ಹಿಂದಿರೋ 'ಏನಾಗಲ್ಲ'ದ ಬಗ್ಗೆ.

ಹಗ್ಗದಿಂದಲೇ ಶುರು ಮಾಡೋಣ. ಮೂವರಲ್ಲಿ ಒಬ್ಬ ಮೆಕ್ಯಾನಿಕಲ್. ಅವನ ವಾದ ಕೇಳಿ: "ಅಂಗಡಿಯವ್ನು 800 ಕೆಜಿ ತಡೆಯುತ್ತೆ ಅಂದಿದಾನೆ. ನನ್ನ ತೂಕ 65. ಫ್ಯಾಕ್ಟರ್ ಆಫ್ ಸೇಫ್ಟಿ 12 ಬಂತು. ಇನ್ನೇನ್ ಬೇಕು ಗುರು?" ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ನೇತಾಡೋ ಮೂಟೆಯ ಲೆಕ್ಕ. ಬೀಳೋ ಮನುಷ್ಯನ ಲೆಕ್ಕ ಬೇರೆ.

ಅವನು 2 ಮೀಟರ್ ಬಿದ್ದ ಅಂದ್ಕೊಳ್ಳಿ. ಹಗ್ಗದಲ್ಲಿ ಸ್ವಲ್ಪ ಸಡಿಲ ಇದ್ರೆ ಸಾಕು, ಅಷ್ಟು ಬೀಳ್ತಾನೆ. ಆಗ ಅವನಲ್ಲಿರೋ ಶಕ್ತಿ ಸುಮಾರು 1275 ಜೂಲ್. ಹಗ್ಗ ಹಿಗ್ಗೋದೇ ಇಲ್ಲ, 10 ಸೆಂಟಿಮೀಟರಿನಲ್ಲಿ ನಿಲ್ಲಿಸಿಬಿಡ್ತು ಅಂದ್ರೆ ಹಗ್ಗದ ಮೇಲಿನ ಸರಾಸರಿ ಬಲ 13 ಕಿಲೋನ್ಯೂಟನ್‌ಗಿಂತ ಹೆಚ್ಚು. 800 ಕೆಜಿ ಅಂದ್ರೆ 8 ಕಿಲೋನ್ಯೂಟನ್ನೂ ಇಲ್ಲ. ಅದೂ ಗಂಟು ಹಾಕದ, ಬಿಸಿಲಿಗೆ ಒಣಗದ, ಕಲ್ಲಿನ ಅಂಚಿಗೆ ಉಜ್ಜದ ಹೊಸ ಹಗ್ಗಕ್ಕೆ. ಒಂದು ಗಂಟು ಬಿದ್ದ ಕೂಡಲೇ ಅದರ ಬಲ ಇನ್ನಷ್ಟು ಇಳಿಯುತ್ತೆ. ಒಂದು ಪಕ್ಷ ಹಗ್ಗ ತುಂಡಾಗದಿದ್ರೂ ಸೊಂಟ, ಬೆನ್ನು ತಡೀಬೇಕಲ್ಲ?

ಅದೇ ಬೀಳುವಿಕೆಯನ್ನ ಒಂದು ಮೀಟರ್ ಹಿಗ್ಗಿ ನಿಲ್ಲಿಸೋ ಹಗ್ಗ ಇದ್ರೆ ಸರಾಸರಿ ಬಲ 2 ಕಿಲೋನ್ಯೂಟನ್ ಹತ್ತಿರಕ್ಕೆ ಇಳಿಯುತ್ತೆ. ಕ್ಲೈಂಬಿಂಗಿಗೆ ಅಂತಲೇ ಮಾಡೋ ಡೈನಾಮಿಕ್ ಹಗ್ಗದ ಗುಟ್ಟು ಇಷ್ಟೇ. ಅದು ಗಟ್ಟಿ ಇರೋದಷ್ಟೇ ಅಲ್ಲ, ಹಿಗ್ಗಿ ಶಕ್ತಿಯನ್ನ ನುಂಗ್ಕೊಳ್ಳುತ್ತೆ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಪರೀಕ್ಷೆಯಲ್ಲಿ 80 ಕೆಜಿ ತೂಕವನ್ನ ಬಹಳ ಕೆಟ್ಟ ಬೀಳುವಿಕೆಗೆ ಒಡ್ಡಿದಾಗಲೂ ಮೊದಲ ಬೀಳುವಿಕೆಯ ಬಲ 12 ಕಿಲೋನ್ಯೂಟನ್ ಮೀರಬಾರದು. ಈ ಲೆಕ್ಕಕ್ಕೆ ಮೊದಲ ವರ್ಷದ ಫಿಸಿಕ್ಸ್ ಸಾಕು. ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡ್ವಿ, ನಮ್ಮ ಜೀವಕ್ಕೆ ಮಾತ್ರ ಹಾಕ್ಕೊಳ್ಳಲಿಲ್ಲ.

ಆ್ಯಂಕರ್ ಕಥೆಯೂ ಹೀಗೇ. ಮೇಲೆ ಎರಡು ಬೋಲ್ಟಿಗೋ ಎರಡು ಮರಕ್ಕೋ ಹಗ್ಗ ಕಟ್ಟಿ ಮಧ್ಯದಿಂದ ಜೋತುಬಿದ್ರೆ ಭಾರ ಅರ್ಧರ್ಧ ಹಂಚಿಹೋಗುತ್ತೆ ಅಂದ್ಕೊಳ್ತೀವಿ. ಎರಡೂ ಎಳೆಗಳ ನಡುವಿನ ಕೋನ 60 ಡಿಗ್ರಿ ಇದ್ರೆ ಒಂದೊಂದಕ್ಕೂ ಭಾರದ ಶೇ 58, 90 ಡಿಗ್ರಿ ಆದ್ರೆ ಶೇ 71, 120 ಡಿಗ್ರಿ ಆದ್ರೆ ಒಂದೊಂದಕ್ಕೂ ಪೂರ್ತಿ ಶೇ 100. ಹಂಚಿದ್ದೇನು ಬಂತು ಮಣ್ಣು? ಇನ್ನೂ ಅಗಲ ಮಾಡಿದ್ರೆ ಒಂದೊಂದಕ್ಕೂ ಭಾರಕ್ಕಿಂತ ಜಾಸ್ತಿ ಎಳೆತ. ಸಿವಿಲ್‌ನವರಿಗೆ ಇದು ನೀರು ಕುಡಿದಷ್ಟು ಸುಲಭ. ಆದ್ರೆ ಬಂಡೆ ತುದೀಲಿ ನಿಂತಾಗ ಲ್ಯಾಮಿಸ್ ಥಿಯರಂ ಎಷ್ಟು ಜನಕ್ಕೆ ನೆನಪಿಗೆ ಬರುತ್ತೆ? ಅದಕ್ಕೇ ಮೊದಮೊದಲು ಆ್ಯಂಕರ್ ಕಟ್ಟೋದು ನಮ್ಮ ಕೆಲಸ ಅಲ್ಲವೇ ಅಲ್ಲ. ವರ್ಷಗಟ್ಟಲೆ ಕಟ್ಟಿ ಅನುಭವ ಇರೋರು ಕಟ್ಟಲಿ, ನಾವು ಪಕ್ಕದಲ್ಲಿ ನಿಂತು ನೋಡಿ ಕಲಿಯೋಣ.

ಇಷ್ಟು ಹೇಳಿದ ಮೇಲೆ ನಿಮಗೆ ಅನ್ನಿಸಬಹುದು, ಸರಿಯಾದ ಸಾಮಾನು ತಗೊಂಡ್ರೆ ಮುಗೀತಲ್ಲ ಅಂತ. ಇಲ್ಲ. ಸಾಮಾನಿನದು ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಮನುಷ್ಯರದ್ದು.

ಲಿನ್ ಹಿಲ್ ಅಂತ ಅಮೆರಿಕದ ಕ್ಲೈಂಬರ್ ಇದಾರೆ. ಯೋಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ಅನ್ನೋ ದಾರಿಯನ್ನ, ಸಾಧನಗಳನ್ನ ಹಿಡಿದು ಎಳೆದುಕೊಳ್ಳದೆ ಬರೀ ಕೈಕಾಲಿಂದ ಮೊದಲು ಹತ್ತಿದವರು ಅವರು, 1993ರಲ್ಲಿ. ಅದಕ್ಕೂ ನಾಲ್ಕು ವರ್ಷ ಮುಂಚೆ, 1989ರಲ್ಲಿ, ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಅವರಿಗೆ ಸುಲಭವಾದ ಒಂದು ದಾರೀಲಿ ಮೈ ಬಿಸಿ ಮಾಡ್ಕೊಳ್ಳೋಕೆ ಹೊರಟಿದ್ರು. ಹಗ್ಗವನ್ನ ಹಾರ್ನೆಸ್ಸಿಗೆ ತೂರಿಸಿದ್ರು. ಗಂಟು ಹಾಕೋ ಹೊತ್ತಿಗೆ ಮಾತು, ಬೂಟು ಅಂತ ಗಮನ ಬೇರೆ ಕಡೆ ಹೋಯ್ತು. ಗಂಟು ಮುಗಿಸಲಿಲ್ಲ. ತುದಿ ಮುಟ್ಟಿ, ಕೆಳಗಿಳಿಸು ಅಂತ ಹಗ್ಗದ ಮೇಲೆ ಭಾರ ಬಿಟ್ಟಾಗ ಹಗ್ಗ ಸರ್ರನೆ ಜಾರಿಹೋಯ್ತು. 20 ಮೀಟರಿಗೂ ಮೇಲಿಂದ ಬಿದ್ದರು. ಮರದ ಕೊಂಬೆಗಳು ತಡೆದದ್ದರಿಂದ ಬದುಕಿದ್ರು. ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬರು, ಸುಲಭದ ದಾರಿ, ಒಳ್ಳೇ ಹಗ್ಗ, ಎಲ್ಲ ಇತ್ತು. ಇರದೇ ಇದ್ದದ್ದು ಒಂದು ಗಂಟು, ಮತ್ತೆ ಅದನ್ನ ತಿರುಗಿ ನೋಡೋ ಎರಡು ಸೆಕೆಂಡು.

ಇದನ್ನ ಓದಿದಾಗ ನನಗೆ ಬೆನ್ನಲ್ಲಿ ಚಳಿ ಬಂದದ್ದಕ್ಕೆ ಕಾರಣ ಇದೆ. ನಾನು ಕಲಿಯೋಕೆ ಶುರು ಮಾಡಿ ನಾಲ್ಕೈದು ತಿಂಗಳಾಗಿತ್ತು. ಅಷ್ಟರಲ್ಲಿ ನನಗೆಲ್ಲ ಗೊತ್ತು ಅನ್ನೋ ಹಮ್ಮು ಬಂದಿತ್ತು. ಒಂದು ಸಂಜೆ ಕೃತಕ ಗೋಡೆಯ ಕೆಳಗೆ ಮಿಡ್ ಸೆಮ್ ಪೇಪರ್ ಬಗ್ಗೆ ಹರಟೆ ಹೊಡೀತಾ ಗಂಟು ಹಾಕ್ದೆ. ನನಗೆ ಬಿಲೇ ಕೊಡೋಕೆ, ಅಂದ್ರೆ ಕೆಳಗೆ ನಿಂತು ಹಗ್ಗ ಹಿಡಿಯೋಕೆ ನಿಂತಿದ್ದು ಆಗಷ್ಟೇ ಸೇರಿದ ಫಸ್ಟ್ ಇಯರ್ ಹುಡುಗಿ. ನಾನು ಗೋಡೆಗೆ ಕೈ ಇಟ್ಟೆ.

"ಅಣ್ಣಾ, ಗಂಟು ತೋರ್ಸಿ."

"ಹಾಕಿದೀನಮ್ಮಾ, ಸರಿ ಇದೆ."

"ಇಲ್ಲ ಅಣ್ಣಾ, ಸರ್ ನೋಡ್ಲೇಬೇಕು ಅಂದಿದಾರೆ. ತೋರ್ಸಿ."

ಕಿರಿಕಿರಿ ಆಯ್ತು. ತಿರುಗಿ ನಿಂತೆ. ಎಂಟರ ಆಕಾರದ ಮೊದಲ ಗಂಟು ಇತ್ತು, ಹಾರ್ನೆಸ್ಸಿನೊಳಗೆ ಹಗ್ಗದ ತುದಿ ತೂರಿತ್ತು. ಆದ್ರೆ ಆ ತುದಿ ವಾಪಸ್ ಬಂದು ಅದೇ ಎಂಟನ್ನ ಹಿಂಬಾಲಿಸಬೇಕಲ್ಲ, ಅದು ಇರಲೇ ಇಲ್ಲ. ಹಗ್ಗದ ತುದಿ ಸುಮ್ನೆ ಜೋತಾಡ್ತಿತ್ತು. ನಾನು ಏನೂ ಮಾತಾಡದೆ ಗಂಟು ಪೂರ್ತಿ ಮಾಡ್ದೆ. ಆ ಹುಡುಗಿನೂ ಏನೂ ಅನ್ನಲಿಲ್ಲ. "ಈಗ ಸರಿ ಇದೆ, ಹತ್ತಿ" ಅಂದ್ಲು. ಆವತ್ತು ಹತ್ತೋವಾಗ ನನ್ನ ಕಾಲು ನಡುಗ್ತಾ ಇದ್ದದ್ದು ಎತ್ತರಕ್ಕಲ್ಲ.

ಅವಳು ಸೀನಿಯರ್ ಅಂತ ಸಂಕೋಚ ಪಟ್ಕೊಂಡು ಸುಮ್ಮನಿದ್ದಿದ್ರೆ? ನಮ್ಮ ಕ್ಯಾಂಪಸ್ಸಿನಲ್ಲಿ ಜೂನಿಯರ್ ಸೀನಿಯರಿಗೆ 'ತೋರ್ಸಿ' ಅನ್ನೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಅದಕ್ಕೇ ನಾನು ಹೇಳೋದು, ಬಂಡೆ ಹತ್ತೋಕೆ ಬೇಕಾದ ಮೊದಲ ಗುಣ ಧೈರ್ಯ ಅಲ್ಲ. 'ತೋರ್ಸು' ಅಂತ ಕೇಳೋ ದಾಕ್ಷಿಣ್ಯ ಇಲ್ಲದಿರೋದು, ಕೇಳಿದಾಗ ಮುಖ ಸಿಂಡರಿಸದೆ ತೋರಿಸೋದು. ಬಕಲ್, ಗಂಟು, ಬಿಲೇ ಡಿವೈಸ್, ಕ್ಯಾರಬಿನರ್ ಲಾಕ್, ಹಗ್ಗದ ಇನ್ನೊಂದು ತುದೀಲಿ ತಡೆಗಂಟು: ಪ್ರತಿ ಸಲ, ಪ್ರತಿಯೊಬ್ಬರದ್ದು, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡ್ಬೇಕು. ತಡೆಗಂಟು ಯಾಕಂದ್ರೆ, ಇಳಿಸೋವಾಗ ಹಗ್ಗ ಸಾಲದೆ ತುದಿ ಬಿಲೇಯರ್ ಕೈಯಿಂದ ಜಾರಿಹೋಗಿ ಆದ ಅಪಘಾತಗಳು ಒಂದೆರಡಲ್ಲ.

ಬಿಲೇ ಅನ್ನೋದಂತೂ ಹತ್ತೋದಕ್ಕಿಂತ ದೊಡ್ಡ ವಿದ್ಯೆ. ಅದನ್ನ ಫೋನ್ ಹಿಡಿದು ನಿಂತವನಿಗೆ ಕೊಡೋ ಕೆಲಸ ಅಂತ ಅಂದ್ಕೊಂಡಿದ್ರೆ ಬಿಟ್ಟುಬಿಡಿ. ಮಷೀನ್ ಡಿಸೈನ್‌ನಲ್ಲಿ ಬೆಲ್ಟ್ ಡ್ರೈವ್ ಓದಿದವರಿಗೆ ಗೊತ್ತು, ಸುತ್ತಿದ ಹಗ್ಗದ ಎರಡು ಬದಿಯ ಎಳೆತದ ಅನುಪಾತದಲ್ಲಿ ಘರ್ಷಣಾಂಕವೂ ಸುತ್ತಿನ ಕೋನವೂ ಘಾತಾಂಕದಲ್ಲಿ ಕೂತಿರುತ್ತವೆ. ಮಾಮೂಲಿ ಕೊಳವೆ ಥರದ ಬಿಲೇ ಡಿವೈಸ್ ಕೆಲಸ ಮಾಡೋದು ಇದೇ ಸೂತ್ರದ ಮೇಲೆ. ಬ್ರೇಕ್ ಕೈ ಕೆಳಗಿದ್ರೆ ಹಗ್ಗ ಚೆನ್ನಾಗಿ ಬಾಗುತ್ತೆ, ಒಂದು ಕೈಯಲ್ಲಿ ಒಬ್ಬ ಮನುಷ್ಯನನ್ನ ತಡೀಬಹುದು. ಅದೇ ಕೈ ಮೇಲೆ ಎತ್ತಿಬಿಟ್ರೆ ಕೋನ ಹೋಯ್ತು, ಹಿಡಿತ ಹೋಯ್ತು. ಅದಕ್ಕೇ 'ಬ್ರೇಕ್ ಕೈ ಬಿಡಬೇಡ, ಮೇಲೆತ್ತಬೇಡ' ಅಂತ ಕಲಿಸೋರು ತಲೆ ತಿನ್ನೋದು. ಅದು ಶಿಸ್ತಿನ ಮಾತಲ್ಲ, ಲೆಕ್ಕದ ಮಾತು.

ಇಲ್ಲಿಗೆ ಬಂದಾಗ ಆ ದಿನ ಎದ್ದ ಎರಡು ಪ್ರಶ್ನೆ ಎತ್ಕೊಳ್ಳಬೇಕು. ಒಂದು: "ಚಿತ್ರದುರ್ಗದ ಕೋತಿರಾಜ್ ಹಗ್ಗ ಇಲ್ದೇ ಕೋಟೆ ಹತ್ತಲ್ವಾ? ಅಲೆಕ್ಸ್ ಹೊನಾಲ್ಡ್ ಹತ್ತಲಿಲ್ವಾ?" ಹತ್ತಿದಾರೆ. ಜ್ಯೋತಿರಾಜ್ ಆ ಗೋಡೆಗಳನ್ನ ವರ್ಷಗಟ್ಟಲೆ ಹತ್ತಿ ಇಳಿದವರು. ಹೊನಾಲ್ಡ್ 2017ರ ಜೂನ್ 3ರಂದು ಎಲ್ ಕ್ಯಾಪಿಟನ್ ಹಗ್ಗವಿಲ್ಲದೆ ಹತ್ತಿದ್ದು ಸುಮಾರು ನಾಲ್ಕು ಗಂಟೇಲಿ. ಆದ್ರೆ ಅದಕ್ಕೆ ಮುಂಚೆ ಅದೇ ದಾರೀಲಿ ಹಗ್ಗ ಕಟ್ಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ತಯಾರಿ ಮಾಡಿದ್ರು. ಹಿಂದಿನ ವರ್ಷ ಒಂದು ಸಲ ಹತ್ತೋಕೆ ಶುರು ಮಾಡಿ, ಮನಸ್ಸಿಗೆ ಸರಿ ಬರಲಿಲ್ಲ ಅಂತ ವಾಪಸ್ ಬಂದ್ರು. ನಮ್ಮವರು ಆ ಸಿನಿಮಾದಲ್ಲಿ ನೋಡೋದು ಹತ್ತಿದ್ದನ್ನ ಮಾತ್ರ. ವಾಪಸ್ ಬಂದದ್ದನ್ನ ಯಾರೂ ಸ್ಟೇಟಸ್ ಹಾಕ್ಕೊಳ್ಳಲ್ಲ.

ಇನ್ನೊಂದು ಪ್ರಶ್ನೆ ನನಗೇ ನಾಟಿದ್ದು. "ನಿಮ್ಮೂರಲ್ಲಿ ಅಡಿಕೆ ಮರ ಹತ್ತೋರು ಯಾವ ಕೋರ್ಸ್ ಮಾಡಿರ್ತಾರೆ?" ನಾನು ಶಿರಸಿ ಕಡೆಯವನು, ಇದಕ್ಕೆ ಉತ್ತರ ಹೇಳಬಲ್ಲೆ. ಕೊನೆ ಕೊಯ್ಯೋರು ಸಣ್ಣವರಿದ್ದಾಗಿಂದ ಗಿಡ್ಡ ಮರ ಹತ್ತಿ ಹತ್ತಿ ಕಲಿತಿರ್ತಾರೆ, ಹಿರಿಯರ ಕಣ್ಣೆದುರು. ಕಾಲಿನ ತಳೆ ಸರಿ ಇದೆಯಾ ಅಂತ ನೋಡದೆ ಮರ ಮುಟ್ಟಲ್ಲ. ಒದ್ದೆ ಮರ ಅಂದ್ರೆ ಹತ್ತು ಸಲ ಯೋಚಿಸ್ತಾರೆ. ಕೊನೆ ಇಳಿಸೋ ಹಗ್ಗ ಹಿಡಿದು ಕೆಳಗೆ ನಿಂತವನ ಕಣ್ಣು ಮೇಲಿನವನ ಮೇಲೇ ಇರುತ್ತೆ. ಅದು ಕೋರ್ಸ್ ಅಲ್ಲದೆ ಇನ್ನೇನು? ಅಷ್ಟಾದ್ರೂ ಬೀಳ್ತಾರೆ. ಬಿದ್ದು ಸೊಂಟ ಮುರಿದು ಜಗಲಿ ಹಿಡಿದವರನ್ನ ನಾನು ನಮ್ಮ ಊರಲ್ಲೇ ನೋಡಿದೀನಿ. ಅವರಿಗೆ ಅದು ಹೊಟ್ಟೆಪಾಡು. ನಮಗೆ ಭಾನುವಾರದ ಖುಷಿ. ಖುಷಿಗೋಸ್ಕರ ಹೋಗೋರು ಅವರಿಗಿಂತ ಜಾಸ್ತಿ ಹುಷಾರಾಗಿರಬೇಕೇ ಹೊರತು ಕಮ್ಮಿ ಅಲ್ಲ.

ಹಾಗಾದ್ರೆ ಹೇಗೆ ಶುರು ಮಾಡೋದು? ನನ್ನ ಅನುಭವದಲ್ಲಿ ಸರಿ ಅನ್ನಿಸಿದ ಕ್ರಮ ಹೇಳ್ತೀನಿ. ಮೊದಲ ಒಂದೆರಡು ತಿಂಗಳು ಕೃತಕ ಗೋಡೆ. ಬೆಂಗಳೂರಿನವರಿಗೆ ಕಂಠೀರವ ಕ್ರೀಡಾಂಗಣದಲ್ಲೇ ಗೋಡೆ ಇದೆ, ಖಾಸಗಿ ಜಿಮ್‌ಗಳೂ ಬಂದಿವೆ. ಅಲ್ಲಿ ಟಾಪ್ ರೋಪ್ ಮಾತ್ರ, ಅಂದ್ರೆ ಹಗ್ಗ ಯಾವಾಗಲೂ ಮೇಲಿನಿಂದ ಬಂದಿರೋ ರೀತಿ. ಎಂಟರ ಗಂಟು ಕಣ್ಣು ಮುಚ್ಚಿ ಹಾಕೋ ತನಕ ಅಭ್ಯಾಸ ಮಾಡಿ, ಹತ್ತೋ ಮುಂಚೆ ಮಾತ್ರ ಕಣ್ಣು ತೆರೆದು ನೋಡಿ. ಕಲಿಸೋರು ಹಿಂದೆ ನಿಂತು ಹಗ್ಗದ ಬಾಲ ಹಿಡಿದಿರುವಾಗಲೇ ಬಿಲೇ ಕಲೀರಿ. ಆಮೇಲೆ ಬಂಡೆ, ಅದೂ ಗೊತ್ತಿರೋರ ಜೊತೆ, ಹೆಲ್ಮೆಟ್ ಹಾಕ್ಕೊಂಡು. ಹೆಲ್ಮೆಟ್ ಕೆಳಗೆ ನಿಂತವರಿಗೂ ಬೇಕು, ಮೇಲಿಂದ ಬೀಳೋ ಕಲ್ಲು ಯಾರು ಹತ್ತುತ್ತಿದಾರೆ ಅಂತ ಕೇಳಲ್ಲ. ಮೊದಲು ಹೋಗಿ ಹಗ್ಗ ಸಿಕ್ಕಿಸ್ತಾ ಹತ್ತೋ 'ಲೀಡ್' ಅನ್ನೋದು ಬಹಳ ನಂತರದ ಮಾತು.

ಹಗ್ಗ ಬೇಡದ ಬೌಲ್ಡರಿಂಗ್ ಸುಲಭ ಅಂತಾರೆ. ಎತ್ತರ ಕಮ್ಮಿ, ನಿಜ. ಆದ್ರೆ ಅಲ್ಲಿ ಪ್ರತಿ ಸಲ ಬಿದ್ದಾಗಲೂ ನೆಲಕ್ಕೇ ಬೀಳೋದು. ಕೆಳಗೆ ದಪ್ಪ ಪ್ಯಾಡ್, ಬೀಳೋರ ಸೊಂಟ ಹಿಡಿದು ಪ್ಯಾಡಿನ ಕಡೆ ತಿರುಗಿಸೋಕೆ ಒಬ್ಬರು, ಇಳಿಯೋ ದಾರಿ ಯಾವುದು ಅಂತ ಮೊದಲೇ ನೋಡಿಟ್ಕೊಳ್ಳೋದು, ಇಷ್ಟು ಇಲ್ದೇ ಹತ್ತಿದ್ರೆ ಪಾದದ ಕೀಲು ಹೋದಂತೆಯೇ. ಕೈ ಹಿಂದಕ್ಕೆ ಊರಬೇಡಿ, ಮಂಡಿ ಬಗ್ಗಿಸಿ ಉರುಳಿ.

ಮೈಯ ವಿಷಯ ಒಂದು. ಸ್ನಾಯು ಬೇಗ ಬಲ ಆಗುತ್ತೆ, ಬೆರಳಿನ ಸ್ನಾಯುರಜ್ಜುಗಳಿಗೆ ಬಹಳ ಕಾಲ ಬೇಕು. ಮೂರು ತಿಂಗಳಿಗೆ ತೋಳು ಗಟ್ಟಿ ಆಯ್ತು ಅಂತ ಚಿಕ್ಕ ಚಿಕ್ಕ ಅಂಚುಗಳಿಗೆ ಬೆರಳ ತುದೀಲಿ ನೇತಾಡೋಕೆ ಹೋದ್ರೆ 'ಟಪ್' ಅಂತ ಸದ್ದು ಬರುತ್ತೆ. ಆಮೇಲೆ ವಾರಗಟ್ಟಲೆ ಕೋಡಿಂಗೂ ಇಲ್ಲ, ಕ್ಲೈಂಬಿಂಗೂ ಇಲ್ಲ. ಕಾಲಿನಿಂದ ಹತ್ತೋದು ಕಲೀರಿ.

ಕಲ್ಲಿಗೂ ಅದರದ್ದೇ ನಿಯಮ ಇದೆ. ಮಳೆಗಾಲದಲ್ಲಿ ಗ್ರಾನೈಟ್ ಮೇಲೆ ಪಾಚಿ, ಬೇಸಿಗೆಯಲ್ಲಿ ಕಾದ ಹೆಂಚು. ಬಾದಾಮಿಯ ಮರಳುಗಲ್ಲು ಮಳೆ ಕುಡಿದಾಗ ಬಲ ಕಳ್ಕೊಳ್ಳುತ್ತೆ, ಒಣಗೋವರೆಗೂ ಮುಟ್ಟಬಾರದು. ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ. ನಮ್ಮ ಬೆಟ್ಟಗಳ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ. ಕೂಗಾಟ, ಹೊಗೆ, ಘಾಟು ಸೆಂಟು ಬೇಡ. ಹಗ್ಗದಲ್ಲಿ ಅರ್ಧಕ್ಕೆ ನೇತಾಡೋನಿಗೆ ಜೇನು ಎದ್ರೆ ಓಡೋಕೆ ಜಾಗ ಇರಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಅಲ್ಲಿ ಬಂಡೆ ನಮಗಿಂತ ಮೊದಲು ಹದ್ದುಗಳದ್ದು. ಎಲ್ಲೇ ಹೋದ್ರೂ ಅರಣ್ಯ ಇಲಾಖೆಯ ಅನುಮತಿ ಬೇಕಾ ಅಂತ ಮೊದಲೇ ಕೇಳ್ಕೊಳ್ಳಿ. ಕದ್ದು ಹೋದವರು ಬಿದ್ದಾಗ ಸಹಾಯಕ್ಕೆ ಕರೆಯೋಕೂ ಹಿಂಜರೀತಾರೆ, ಅಪಾಯ ಇರೋದು ಆ ಹಿಂಜರಿಕೇಲಿ.

ಕೊನೆಗೆ ದುಡ್ಡಿನ ಮಾತು. "ಇದೆಲ್ಲ ಕಾಸಿದ್ದೋರಿಗೆ ಮಗಾ" ಅಂದ್ರು. ಈ ಮಾತಲ್ಲಿ ಸತ್ಯ ಇದೆ. ಹಗ್ಗ, ಹಾರ್ನೆಸ್, ಶೂ ಎಲ್ಲ ಸೇರಿ ಸಾವಿರಗಟ್ಟಲೆ. ಹಾಸ್ಟೆಲ್ ಹುಡುಗರಿಗೆ ಸಣ್ಣ ಮೊತ್ತ ಅಲ್ಲ. ಆದ್ರೆ ಇದಕ್ಕೆ ಪರಿಹಾರ ನೀಲಿ ಹಗ್ಗ ಅಲ್ಲ. ಫೆಸ್ಟಿಗೆ ಒಂದು ಸಂಜೆಯ ಡಿಜೆಗೆ ಖರ್ಚು ಮಾಡೋ ನಾವು, ಕಾಲೇಜಿನ ಸ್ಪೋರ್ಟ್ಸ್ ಬಜೆಟ್ಟಿನಲ್ಲಿ ಎರಡು ಹಗ್ಗ, ಆರು ಹಾರ್ನೆಸ್, ಆರು ಹೆಲ್ಮೆಟ್ ಕೇಳಬಾರದಾ? ಸೆಮಿಸ್ಟರಿಗೆ ಎರಡು ಸಲ ಅನುಭವಸ್ಥ ತರಬೇತುದಾರರನ್ನ ಕರೆಸಬಾರದಾ? ಜೊತೆಗೆ ಒಂದು ರಿಜಿಸ್ಟರ್ ಇರಬೇಕು. ಹಗ್ಗ ಯಾವಾಗ ತಂದದ್ದು, ಎಷ್ಟು ಸಲ ಬಳಸಿದ್ದು, ಯಾವಾಗ ಎಸೆಯೋದು ಅಂತ. 2006ರಲ್ಲಿ ಟಾಡ್ ಸ್ಕಿನ್ನರ್ ಅನ್ನೋ ಹೆಸರಾಂತ ಕ್ಲೈಂಬರ್ ಯೋಸೆಮಿಟಿಯಲ್ಲಿ ತೀರಿಕೊಂಡದ್ದು ಹಾರ್ನೆಸ್ಸಿನ ಸವೆದ ಕುಣಿಕೆ ಹರಿದು. ಸವೆದಿದೆ ಅಂತ ಅವರಿಗೆ ಗೊತ್ತಿತ್ತು, ಹೊಸದಕ್ಕೆ ಆರ್ಡರ್ ಕೂಡ ಮಾಡಿದ್ರು. ಇನ್ನೊಂದು ಸಲ, ಏನಾಗಲ್ಲ ಅಂತ ಹೊರಟಿರಬೇಕು.

ಅಂದ ಹಾಗೆ ಆ ಭಾನುವಾರ ನಮ್ಮವರು ಹೋಗಲಿಲ್ಲ. ನನ್ನ ಮಾತು ಕೇಳಿ ಅಲ್ಲ, ಲ್ಯಾಬ್ ರೆಕಾರ್ಡ್ ಬಾಕಿ ಇತ್ತು ಅಂತ. ನೀಲಿ ಹಗ್ಗ ಈಗ ಕಾರಿಡಾರಿನಲ್ಲಿ ಬಟ್ಟೆ ಒಣಗಿಸೋಕೆ ಕಟ್ಟಿದೆ, ಅದಕ್ಕೆ ಲಾಯಕ್ಕಾಗಿದೆ ಕೂಡ. ಮೆಕ್ಯಾನಿಕಲ್‌ನವನು ಮೊನ್ನೆ ಬಂದು "ಆ 13 ಕಿಲೋನ್ಯೂಟನ್ ಹೆಂಗ್ ಬಂತು, ತೋರ್ಸು" ಅಂತ ಕೇಳ್ದ. ಪೇಪರ್ ಮೇಲೆ ಮಾಡಿ ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ, "ಗೋಡೆಗೆ ಯಾವಾಗ ಹೋಗ್ತೀಯ?" ಅಂದ. ಶನಿವಾರ ಅಂದೆ.

ಬಂದ್ರೆ ಅವನಿಗೆ ನಾನೇ ಬಿಲೇ ಕೊಡ್ತೀನಿ. ಹತ್ತೋ ಮುಂಚೆ ಗಂಟು ತೋರ್ಸು ಅಂತೀನಿ. ಅವನೂ ನನ್ನದನ್ನ ಕೇಳ್ಬೇಕು.